ಮನೆ ಅಂಗಳದಲ್ಲಿ 407ರ ಎಂಜಿನ್ ಬದಲಿ: ಭೋಸರಿಯಲ್ಲಿ 18 ದಿನದ ಕೆಲಸದ ದಾಖಲೆ

ಗಾಡಿ ಟಾಟಾ 407, ಸಣ್ಣ ಲಾರಿ. ಎಂಜಿನ್ ಟರ್ಬೊ ಇಲ್ಲದ ಹಳೆಯ 497. ನಾಲ್ಕು ಸಿಲಿಂಡರ್, ಬೋರ್ 97 ಮಿಮೀ, ಸ್ಟ್ರೋಕ್ 100 ಮಿಮೀ, ಒಟ್ಟು 2956 ಸಿಸಿ, ಇನ್‌ಲೈನ್ ಡೀಸೆಲ್ ಪಂಪ್. ಪುಣೆಯ ಭೋಸರಿ, ಮೋಶಿ, ಚಾಕಣ ಸುತ್ತ ನಮ್ಮ ವಿಜಯಪುರ, ಕಲಬುರಗಿ ಕಡೆಯವರ ಹತ್ತಿರ ಇಂಥ ಗಾಡಿಗಳು ಬಹಳ ಇವೆ. ಎಂಜಿನ್ ಕೆಟ್ಟ ಕೂಡಲೇ ಗಾಡಿಯನ್ನೇ ಗುಜರಿಗೆ ಹಾಕುವವರೂ ಇದ್ದಾರೆ. ಚಾಸಿ ಗಟ್ಟಿ ಇದ್ದರೆ ಅದರ ಅಗತ್ಯ ಇಲ್ಲ. ಎಂಜಿನ್ ಎತ್ತಿ ಇಳಿಸುವುದು ಎರಡು ದಿನದ ಕೆಲಸ. ಕೆಲಸ ಕೆಡುವುದು ಅಲ್ಲಲ್ಲ, ಎಂಜಿನ್ ನೆಲದ ಮೇಲೆ ಇದ್ದಾಗ ನೋಡದೆ ಬಿಟ್ಟ ಸಣ್ಣ ಭಾಗಗಳಲ್ಲಿ. ಆದ್ದರಿಂದ ಆ ಭಾಗವನ್ನೇ ಇಲ್ಲಿ ಹೆಚ್ಚು ಬಿಡಿಸಿ ಬರೆದಿದೆ.

ಭೋಸರಿ ಎಂಐಡಿಸಿಗೆ (ಕೈಗಾರಿಕಾ ಪ್ರದೇಶ) ವಾರದ ರಜೆ ಗುರುವಾರ. ಕೈಜೋಡಿಸುವ ಜನ ಸಿಗುವುದು ಅವತ್ತೇ. ಆದರೆ ಲೇಥ್ ಅಂಗಡಿಗಳೂ ಅವತ್ತೇ ಮುಚ್ಚಿರುತ್ತವೆ. ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಜನವರಿ 9, 2025, ಗುರುವಾರ: ಹಳೆಯ ಎಂಜಿನ್ ಪರೀಕ್ಷೆ

ಲಕ್ಷಣಗಳು ಹೀಗಿದ್ದವು: 300 ಕಿಮೀಗೆ ಒಂದು ಲೀಟರ್ ಆಯಿಲ್ ಹೋಗುತ್ತಿತ್ತು, ಬೆಳಗ್ಗೆ ನೀಲಿ ಹೊಗೆ, ಆಯಿಲ್ ಹಾಕುವ ಮುಚ್ಚಳ ತೆಗೆದರೆ ಉಗಿಬಂಡಿಯ ಹಾಗೆ ಬುಸುಬುಸು ಗಾಳಿ. ಇಷ್ಟರಿಂದಲೇ ತೀರ್ಮಾನ ಮಾಡಬಾರದು, ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ ಒತ್ತುವ ಒತ್ತಡ) ಅಳೆಯಬೇಕು.

ಡೀಸೆಲ್ ಕಂಪ್ರೆಷನ್ ಟೆಸ್ಟರ್ ಬಾಡಿಗೆ 500 ರೂ. ನಾಲ್ಕೂ ಇಂಜೆಕ್ಟರ್ ಬಿಚ್ಚಿ, ಡೀಸೆಲ್ ನಿಲ್ಲಿಸುವ ಸ್ಟಾಪ್ ಕೇಬಲ್ ಎಳೆದು ಕಟ್ಟಿ, ತುಂಬಿದ ಬ್ಯಾಟರಿಯಿಂದ ಪ್ರತಿ ಸಿಲಿಂಡರಿಗೆ ಏಳೆಂಟು ಸುತ್ತು ಸೆಲ್ಫ್ (ಸ್ಟಾರ್ಟರ್ ಮೋಟರ್) ಹೊಡೆಯಬೇಕು. ಒಂದೇ ಇಂಜೆಕ್ಟರ್ ಬಿಚ್ಚಿ ಅಳೆದರೆ ಸೆಲ್ಫ್ ನಿಧಾನವಾಗಿ ತಿರುಗಿ ಅಂಕಿ ಕಡಿಮೆ ತೋರಿಸುತ್ತದೆ. ಬಂದದ್ದು 17, 16, 11, 15 ಬಾರ್. ಒಳ್ಳೆಯ ಸ್ಥಿತಿಯ ಇಂಥ ಎಂಜಿನ್‌ನಲ್ಲಿ 25ರ ಆಸುಪಾಸು ಬರಬೇಕು, ಸಿಲಿಂಡರುಗಳ ನಡುವೆ 3 ಬಾರ್‌ಗಿಂತ ಹೆಚ್ಚು ಅಂತರ ಇರಬಾರದು.

ರಿಪೇರಿ ಮಾಡಿಸಬಹುದಿತ್ತಲ್ಲ ಎಂಬ ಪ್ರಶ್ನೆಗೆ ಉತ್ತರ ಸಂಪ್ (ಎಂಜಿನ್ ಅಡಿಯ ಆಯಿಲ್ ತೊಟ್ಟಿ) ಬಿಚ್ಚಿದಾಗ ಸಿಕ್ಕಿತು. ಮೂರನೇ ಕನೆಕ್ಟಿಂಗ್ ರಾಡಿನ ಕ್ಯಾಪ್ ಬಿಚ್ಚಿ ಬೇರಿಂಗ್ ಚಿಪ್ಪು ಹೊರಗೆ ತೆಗೆದು ಬೆನ್ನು ಒರೆಸಿದಾಗ 1.00 ಎಂಬ ಅಚ್ಚು ಕಂಡಿತು. ಅಂದರೆ ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡವಾದ ಕ್ರ್ಯಾಂಕನ್ನು ಆಗಲೇ 0.25, 0.50, 0.75 ದಾಟಿ ಕೊನೆಯ ಅಂಡರ್‌ಸೈಜ್‌ವರೆಗೆ ಉಜ್ಜಿ ಸಣ್ಣ ಮಾಡಿದ್ದಾರೆ. ಇನ್ನು ಉಜ್ಜಲು ಲೋಹ ಇಲ್ಲ. ಹೊಸ ಕ್ರ್ಯಾಂಕ್, ಸ್ಲೀವ್, ಪಿಸ್ಟನ್ ಸೆಟ್, ಹೆಡ್ ಕೆಲಸ ಎಲ್ಲ ಸೇರಿ 1,05,000 ರೂ. ಅಂದಾಜು ಬಂತು. ಎಂಜಿನ್ ಬದಲಿಯೇ ಸರಿ ಎಂದು ಆಯಿತು.

ಜನವರಿ 12, ಭಾನುವಾರ: ಎಂಜಿನ್ ಖರೀದಿ

ಗುಜರಿಯವರು ಎಂಜಿನ್ನನ್ನು ಟಯರ್ ಮೇಲೆ ಕೂರಿಸಿ ತೊಳೆದು ಬಣ್ಣ ಹೊಡೆದು ತೋರಿಸುತ್ತಾರೆ. ಬಣ್ಣ ನೋಡಿ ಏನೂ ತಿಳಿಯುವುದಿಲ್ಲ. ಒಂದು ಮಾತಿಗೆ ಮಾತ್ರ ಹಟ ಹಿಡಿಯಬೇಕು: ಫ್ಲೈವೀಲ್ (ಎಂಜಿನ್ ಹಿಂದಿನ ಭಾರದ ಚಕ್ರ), ಅದರ ಹೌಸಿಂಗ್, ಸೆಲ್ಫ್ ಮೋಟರ್ ಸಮೇತ ಎಂಜಿನ್ ಬೇಕು. ಹೌಸಿಂಗ್ ಇಲ್ಲದಿದ್ದರೆ ಸೆಲ್ಫ್ ಕೂರುವುದಿಲ್ಲ, ಸೆಲ್ಫ್ ಇಲ್ಲದಿದ್ದರೆ ಅಂಗಡಿಯಲ್ಲೇ ಕಂಪ್ರೆಷನ್ ಅಳೆಯಲು ಬರುವುದಿಲ್ಲ. ಬ್ಯಾಟರಿ, ದಪ್ಪ ಕೇಬಲ್, ಟೆಸ್ಟರ್ ನಾವೇ ಒಯ್ದಿದ್ದೆವು. ನೋಡಿದ ಮೂರು ಎಂಜಿನ್‌ಗಳಲ್ಲಿ ಒಂದರ ಮಾಲೀಕರು ಅಳೆಯಲು ಬಿಡಲಿಲ್ಲ. ಎರಡನೆಯದರಲ್ಲಿ 22, 19, 23, 22 ಬಂತು. ಮೂರನೆಯದರಲ್ಲಿ 26, 25, 26, 24. ಅದನ್ನೇ ಹಿಡಿದೆವು.

ಮೊದಲು ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಸಾಕೆಟ್ ಹಾಕಿ ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ ನೋಡಿದ್ದಾಯಿತು. ಎಲ್ಲೂ ತಡೆಯಬಾರದು. ನಂತರ ಫ್ಲೈವೀಲ್ ಮೇಲೆ ಡಯಲ್ ಗೇಜ್ ಇಟ್ಟು, ಸಣ್ಣ ಸರಳಿನಿಂದ ಕ್ರ್ಯಾಂಕನ್ನು ಹಿಂದೆ ಮುಂದೆ ತಳ್ಳಿದಾಗ ಆಟ 0.15 ಮಿಮೀ. 0.1ರಿಂದ 0.3ರೊಳಗೆ ಇದ್ದರೆ ಚಿಂತೆ ಇಲ್ಲ, 0.4 ದಾಟಿದರೆ ಬಿಟ್ಟು ಬರುವುದು ಒಳ್ಳೆಯದು. ಸಂಪಿನ ಆಯಿಲನ್ನು ಬಿಳಿ ಬಟ್ಟೆಯ ಮೇಲೆ ಸುರಿದು ಅಯಸ್ಕಾಂತ ಆಡಿಸಿದಾಗ ಮಸಿ ಮಾತ್ರ ಇತ್ತು, ಲೋಹದ ಚೂರು ಇರಲಿಲ್ಲ.

ಬೆಲೆ 62,000 ರೂ., ಟೆಂಪೊ 1,800. ಬಿಲ್ಲಿನಲ್ಲಿ ಎಂಜಿನ್ ನಂಬರ್ ಅಕ್ಷರ ಬಿಡದೆ ಬರೆಸಬೇಕು, ಆ ಎಂಜಿನ್ ಯಾವ ಗಾಡಿಯದೋ ಅದರ ಆರ್‌ಸಿ ಪ್ರತಿಯನ್ನೂ ಕೇಳಿ ಪಡೆಯಬೇಕು. ನಂಬರ್ ಅಳಿಸಿ ಮತ್ತೆ ಕೊರೆದ ಹಾಗೆ ಕಂಡರೆ, ಎಷ್ಟೇ ಅಗ್ಗವಾದರೂ ಮುಟ್ಟಬೇಡಿ.

ಇಲ್ಲಿ ಆದ ತಪ್ಪು: ಕ್ರ್ಯಾಂಕ್ ಪುಲ್ಲಿಯಲ್ಲಿ ಎಷ್ಟು ಬೆಲ್ಟು ಕೂರುತ್ತವೆ ಎಂದು ಎಣಿಸಲಿಲ್ಲ. ನಮ್ಮ ಗಾಡಿಗೆ ಪವರ್ ಸ್ಟೀರಿಂಗ್ ಇದೆ, ಆದ್ದರಿಂದ ಎರಡು ಬೆಲ್ಟಿನ ಪುಲ್ಲಿ ಬೇಕು. ತಂದ ಎಂಜಿನ್‌ನಲ್ಲಿ ಇದ್ದದ್ದು ಒಂದೇ ಬೆಲ್ಟಿನದು. ಇದರ ಪರಿಣಾಮ ಮುಂದೆ ಬರುತ್ತದೆ.

ಜನವರಿ 16, ಗುರುವಾರ: ಹಳೆಯದನ್ನು ಇಳಿಸುವುದು

407ರಲ್ಲಿ ಎಂಜಿನ್ ಮೇಲಕ್ಕೆ ಬರುವುದಿಲ್ಲ, ಮುಂದಕ್ಕೆ ಬರುತ್ತದೆ. ಬಂಪರ್, ಗ್ರಿಲ್, ರೇಡಿಯೇಟರ್ ತೆಗೆದು ಜಾಗ ಮಾಡಬೇಕು. ಕ್ಯಾಬಿನ್ ಒಳಗಿನ ಎಂಜಿನ್ ಕವರ್ ತೆಗೆದರೆ ಹಿಂದಿನ ಬೋಲ್ಟುಗಳಿಗೆ ಕೈ ಹೋಗುತ್ತದೆ.

ಬ್ಯಾಟರಿಯ ನೆಗೆಟಿವ್ ಮೊದಲು. ನಂತರ ನೀರು, ಆಯಿಲ್ ಇಳಿಸಿ, ಡೀಸೆಲ್ ಪೈಪುಗಳ ಬಾಯಿಗೆ ಬೋಲ್ಟ್ ತುರುಕಿ ಕ್ಲಿಪ್ ಹಾಕಿದ್ದಾಯಿತು. ಪ್ರತಿ ವಯರಿಗೂ ಬಿಳಿ ಟೇಪ್ ಸುತ್ತಿ ಪೆನ್ನಿನಿಂದ ಹೆಸರು ಬರೆಯಬೇಕು, ಮೊಬೈಲ್ ಫೋಟೊ ಒಂದನ್ನೇ ನಂಬಬಾರದು. ಎಣ್ಣೆ ಹಿಡಿದ ವಯರುಗಳೆಲ್ಲ ಫೋಟೊದಲ್ಲಿ ಒಂದೇ ಬಣ್ಣ ಕಾಣುತ್ತವೆ. ಆಲ್ಟರ್ನೇಟರ್ ಹಿಂದೆ ಇರುವ ವ್ಯಾಕ್ಯೂಮ್ ಪಂಪಿನ ಪೈಪಿಗೆ ಕೆಂಪು ಟೇಪ್ ಸುತ್ತಿ ಬೇರೆ ಗುರುತು ಮಾಡಿದೆವು. ಅದು ಬ್ರೇಕಿಗೆ ಹೋಗುವ ಪೈಪ್.

ಎತ್ತಲು 3 ಇಂಚಿನ ಪೈಪಿನ ಮೂರು ಕಾಲಿನ ಘೋಡಿ, 1 ಟನ್ ಚೈನ್ ಪುಲ್ಲಿ. ಇಲ್ಲಿ ಬಾಡಿಗೆ ಅಂಗಡಿಯಲ್ಲಿ ಚೈನ್ ಕುಪ್ಪಿ ಅಂದರೆ ಬೇಗ ತಿಳಿಯುತ್ತದೆ. ಎರಡೂ ಸೇರಿ ದಿನಕ್ಕೆ 350 ರೂ. ಕಾಂಕ್ರೀಟ್ ನೆಲದ ಮೇಲೆ ಘೋಡಿಯ ಕಾಲು ಜಾರುತ್ತದೆ, ಆದ್ದರಿಂದ ಮೂರೂ ಕಾಲುಗಳನ್ನು ಬುಡದಲ್ಲಿ ಸರಪಳಿಯಿಂದ ಒಂದಕ್ಕೊಂದು ಕಟ್ಟಲೇಬೇಕು. ಹಗ್ಗ ಬೇಡ, ಹಗ್ಗ ಹಿಗ್ಗುತ್ತದೆ. ಎಂಜಿನ್ ತೂಗುತ್ತಿರುವಾಗ ಯಾರೂ ಅದರ ಕೆಳಗೆ ಕೈ ಕಾಲು ಚಾಚಬಾರದು. ಕೆಳಗೆ ಎರಡು ಹಳೆಯ ಟಯರ್ ಇಟ್ಟಿರಬೇಕು.

ಅರ್ಧ ದಿನ ತಿಂದ ತಪ್ಪು ಇಲ್ಲಿ ಆಯಿತು. ಗೇರ್‌ಬಾಕ್ಸ್ ಗಾಡಿಯಲ್ಲೇ ಉಳಿಯುವುದರಿಂದ ಅದರ ಕೆಳಗೆ ಟ್ರಾಲಿ ಜ್ಯಾಕ್ ಕೊಟ್ಟು ಎಂಜಿನ್ ಬೋಲ್ಟುಗಳನ್ನು ಬಿಚ್ಚಿದೆವು. ಆದರೆ ಘೋಡಿ ಅಲುಗುವುದಿಲ್ಲ. ಎಂಜಿನ್ ಎತ್ತಿ ಹಿಡಿದು ಗಾಡಿಯನ್ನೇ ಹಿಂದಕ್ಕೆ ತಳ್ಳಬೇಕು. ಗಾಡಿ ಹಿಂದೆ ಹೋದರೆ ನೆಲದ ಮೇಲಿನ ಜ್ಯಾಕ್ ಅಲ್ಲೇ ಉಳಿಯುತ್ತದೆ, ಗೇರ್‌ಬಾಕ್ಸ್ ಬೀಳುತ್ತದೆ. ಹೀಗಾಗಿ ನಾಲ್ಕು ಬೋಲ್ಟು ಮತ್ತೆ ಹಾಕಿ, 2 ಇಂಚಿನ ದಪ್ಪ ಪೈಪನ್ನು ಚಾಸಿಯ ಎರಡು ಪಟ್ಟಿಗಳ ಮೇಲೆ ಅಡ್ಡ ಇಟ್ಟು, ಗೇರ್‌ಬಾಕ್ಸನ್ನು ಸರಪಳಿಯಿಂದ ಅದಕ್ಕೇ ತೂಗುಹಾಕಿದೆವು. ಈಗ ಗೇರ್‌ಬಾಕ್ಸಿನ ಭಾರ ಗಾಡಿಯ ಮೇಲೆಯೇ, ಗಾಡಿ ಜೊತೆಗೇ ಹೋಗುತ್ತದೆ. ಗೇರ್ ನ್ಯೂಟ್ರಲ್‌ನಲ್ಲಿರಲಿ.

ಮೌಂಟ್ ಬೋಲ್ಟ್ ಬಿಚ್ಚುವ ಮೊದಲು ಸರಪಳಿ ಬಿಗಿ ಬರುವಷ್ಟು ಮಾತ್ರ ಎತ್ತಬೇಕು. ಮುಂದಿನ ಕೊಂಡಿಗೆ ಗಿಡ್ಡ ಸರಪಳಿ, ಹಿಂದಿನದಕ್ಕೆ ನಾಲ್ಕು ಕೊಂಡಿ ಉದ್ದದ್ದು ಹಾಕಿದರೆ ಎಂಜಿನ್ ಮೂಗು ಸ್ವಲ್ಪ ಮೇಲಾಗಿ ಬರುತ್ತದೆ. ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಕ್ಲಚ್ಚಿನಿಂದ ಪೂರ್ತಿ ಹೊರಬಂತೆಂದು ಕಣ್ಣಿನಿಂದ ನೋಡಿ ಖಾತ್ರಿ ಮಾಡಿಕೊಂಡ ಮೇಲೆಯೇ ಗಾಡಿಯನ್ನು ಮೂವರು ಸೇರಿ ಐದು ಅಡಿ ಹಿಂದೆ ತಳ್ಳಿ ಗಾಲಿಗಳಿಗೆ ಕಲ್ಲು ಕೊಟ್ಟೆವು. ಸಂಜೆ ಆರಕ್ಕೆ ಹಳೆಯ ಎಂಜಿನ್ ಟಯರ್ ಮೇಲೆ ಕೂತಿತು.

ಜನವರಿ 17ರಿಂದ 22: ನೆಲದ ಮೇಲಿನ ಕೆಲಸ

ಎಂಜಿನ್ ಗಾಡಿಯಲ್ಲಿ ಕೂತ ಮೇಲೆ ಕೈ ಹೋಗದ ಜಾಗಗಳನ್ನೆಲ್ಲ ಈಗಲೇ ಮುಗಿಸಬೇಕು. ದಿನಾ ಸಂಜೆ ಎರಡು ತಾಸು ಹಿಡಿಯಿತು.

ಹಿಂದಿನ ಕ್ರ್ಯಾಂಕ್ ಆಯಿಲ್ ಸೀಲ್ ಒಣಗಿರಲಿ, ಒದ್ದೆ ಇರಲಿ, ಬದಲಿಸಬೇಕು. ನಿಂತ ಎಂಜಿನ್‌ನಲ್ಲಿ ಸೀಲಿನ ತುಟಿ ಗಟ್ಟಿಯಾಗಿರುತ್ತದೆ, ಬಿಸಿಯಾದ ಮೇಲೆ ಜಿನುಗುತ್ತದೆ. ಆಗ ಗೇರ್‌ಬಾಕ್ಸ್ ಮತ್ತೆ ಇಳಿಸಬೇಕಾಗುತ್ತದೆ. ಮುಂದಿನ ಸೀಲ್, ಸಂಪ್ ಗ್ಯಾಸ್ಕೆಟ್, ಟ್ಯಾಪೆಟ್ ಕವರ್ ಗ್ಯಾಸ್ಕೆಟ್ ಸೇರಿ 1,650 ರೂ.

ಬ್ಲಾಕಿನಲ್ಲಿ ನೀರಿನ ದಾರಿಯ ತೂತು ಮುಚ್ಚುವ ತಗಡಿನ ವೆಲ್ಷ್ ಪ್ಲಗ್‌ಗಳನ್ನು ದಬ್ಬಣದಿಂದ ಚುಚ್ಚಿ ನೋಡಿದಾಗ, ಬಣ್ಣದ ಕೆಳಗೆ ಒಂದು ಪ್ಲಗ್ ಹಪ್ಪಳದ ಹಾಗೆ ಒಳಗೆ ಹೋಯಿತು. ಕೈಗೆ ಸಿಕ್ಕುವ ಎಲ್ಲವನ್ನೂ ಬದಲಿಸಿದ್ದಕ್ಕೆ 240 ರೂ. ಫ್ಲೈವೀಲ್ ಕಡೆಯ ಪ್ಲಗ್ ರಸ್ತೆಯಲ್ಲಿ ಒಡೆದರೆ ನೀರು ಕ್ಲಚ್ ಹೌಸಿಂಗಿನಲ್ಲಿ ಇಳಿಯುತ್ತದೆ, ಎಲ್ಲಿಂದ ಬರುತ್ತಿದೆ ಎಂಬುದೇ ತಿಳಿಯುವುದಿಲ್ಲ.

ಫ್ಲೈವೀಲಿನ ಮೇಲೆ ನೀಲಿ ಸುಟ್ಟ ಕಲೆ, ಉಗುರಿಗೆ ಸಿಗುವ ಗೆರೆಗಳಿದ್ದವು. ಗುರುವಾರವೇ ಬಿಚ್ಚಿದ್ದರಿಂದ ಶುಕ್ರವಾರದವರೆಗೆ ಲೇಥಿಗೆ ಕಾಯಬೇಕಾಯಿತು. ಮುಖ ತಿರುವಿಸಲು 600 ರೂ. ತೆಗೆದ ಲೋಹ 0.4 ಮಿಮೀ. ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರೂ ಹೊಸವು, ಪುಣೆಯ ನಾನಾ ಪೇಠೆಯಿಂದ, 6,900 ರೂ. ಹಳೆಯ ಪ್ಲೇಟನ್ನು ಕೈಯಲ್ಲೇ ಒಯ್ದು ವ್ಯಾಸ, ಒಳಗಿನ ಹಲ್ಲುಗಳ ಎಣಿಕೆ ಎರಡನ್ನೂ ತಾಳೆ ನೋಡಬೇಕು. 407 ಅಂದರೆ ಸಾಕು ಎಂದುಕೊಂಡರೆ ಬೇರೆ ಸೈಜಿನದು ಬರುತ್ತದೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಕ್ರ್ಯಾಂಕಿನ ತುದಿಯ ಪೈಲಟ್ ಬೇರಿಂಗ್, ಅಂದರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ಮೂಗು ಕೂರುವ ಬೇರಿಂಗ್. ಬೆರಳಿಟ್ಟು ತಿರುಗಿಸಿದರೆ ಮರಳು ಅರೆದ ಹಾಗೆ ಆಡುತ್ತಿತ್ತು. ಹೊರಗಿನಿಂದ ಹಿಡಿದು ಎಳೆಯಲು ಅಂಚಿಲ್ಲ, ಕುರುಡು ತೂತಿನಲ್ಲಿ ಕೂತಿರುತ್ತದೆ. ಮೊದಲು ಒಳಗೆ ಗ್ರೀಸ್ ತುಂಬಿ, ತೂತಿಗೆ ಸರಿಯಾಗಿ ಕೂರುವ ಹಾಗೆ ಟೇಪ್ ಸುತ್ತಿದ ಬೋಲ್ಟ್ ಇಟ್ಟು ಸುತ್ತಿಗೆಯಿಂದ ಹೊಡೆದೆವು. ಗ್ರೀಸ್ ಹಿಂದಿನಿಂದ ಒತ್ತಿ ಬೇರಿಂಗನ್ನು ಹೊರದಬ್ಬಬೇಕು. ಆದರೆ ಬೇರಿಂಗ್ ಸವೆದು ಸಂದು ಬಿಟ್ಟಿದ್ದರಿಂದ ಗ್ರೀಸೆಲ್ಲ ಗುಂಡುಗಳ ನಡುವಿನಿಂದ ಪಿಚಕಾರಿಯಂತೆ ಹೊರಗೆ ಸಿಡಿಯಿತು. ಆಮೇಲೆ ಹಳೆಯ ಪೇಪರನ್ನು ನೀರಿನಲ್ಲಿ ನೆನೆಸಿ, ಹಿಂಡಿ, ಚೂರು ಚೂರಾಗಿ ತೂತಿಗೆ ತುಂಬಿ ಹೊಡೆದೆವು. ಒದ್ದೆ ಪೇಪರ್ ಸಂದಿಯಿಂದ ಸೋರುವುದಿಲ್ಲ. ಐದಾರು ಸಲ ತುಂಬಿ ಹೊಡೆದಾಗ ಬೇರಿಂಗ್ ಒಂದು ಕೂದಲೆಳೆ ಹೊರಗೆ ಬಂತು, ಹನ್ನೆರಡನೇ ಸಲಕ್ಕೆ ಕೈಗೆ ಬಂತು. ಅದರ ಮೇಲಿನ ನಂಬರ್ ನೋಡಿ ಹೊಸದು ತಂದದ್ದು 180 ರೂ. ಇಷ್ಟು ಅಗ್ಗದ ಭಾಗವನ್ನು ಬಿಟ್ಟಿದ್ದರೆ ಕ್ಲಚ್ ಒತ್ತಿದಾಗಲೆಲ್ಲ ಕಿರುಚುತ್ತಿತ್ತು, ಇನ್‌ಪುಟ್ ಶಾಫ್ಟಿನ ಮೂಗನ್ನೂ ತಿನ್ನುತ್ತಿತ್ತು.

ಇಂಜೆಕ್ಟರುಗಳನ್ನು ಪಂಪ್ ಬೆಂಚಿಗೆ ಕೊಟ್ಟಾಗ ಎರಡರ ನಾಜಲ್ ತೊಟ್ಟಿಕ್ಕುತ್ತಿತ್ತು. ಎರಡು ಹೊಸ ನಾಜಲ್, ನಾಲ್ಕಕ್ಕೂ ಒಂದೇ ಒತ್ತಡ ಹೊಂದಿಸುವುದು ಸೇರಿ 3,400 ರೂ. ಡೀಸೆಲ್ ಪಂಪನ್ನು ಮುಟ್ಟಲಿಲ್ಲ. ಬಂದ ಎಂಜಿನ್ ಜೊತೆ ಅದರದೇ ಪಂಪ್ ಟೈಮಿಂಗ್ ಸಮೇತ ಕೂತಿರುವಾಗ, ಹಳೆಯ ಪಂಪ್ ಚೆನ್ನಾಗಿದೆ ಎಂಬ ಮೋಹಕ್ಕೆ ಬದಲಿಸುವುದು ಹೊಸ ತೊಂದರೆ ತಂದುಕೊಂಡಂತೆ. ಟ್ಯಾಪೆಟ್ ಗ್ಯಾಪನ್ನು ಕಂಪನಿ ಪುಸ್ತಕದ ಅಂಕಿಗೆ, 1-3-4-2 ಕ್ರಮದಲ್ಲಿ, ತಣ್ಣಗಿದ್ದಾಗ ಹೊಂದಿಸಿದ್ದಾಯಿತು. ವಾಟರ್ ಪಂಪ್ 1,900, ಥರ್ಮೋಸ್ಟ್ಯಾಟ್ 450, ಮೌಂಟ್ ರಬ್ಬರುಗಳು 2,200. ಇವುಗಳಲ್ಲಿ ಹೇಳುವಂಥದ್ದೇನೂ ಇಲ್ಲ, ಹೊಸದು ಹಾಕಿ ಮುಂದೆ ಹೋಗುವುದು.

ಜನವರಿ 23, ಗುರುವಾರ: ಕೂರಿಸುವುದು

ಬೆಳಗ್ಗೆ ಹತ್ತಕ್ಕೆ ಎಂಜಿನ್ ಗೇರ್‌ಬಾಕ್ಸಿನ ಬಾಯಿಗೆ ಬಂತು, ಮಧ್ಯಾಹ್ನ ಎರಡರವರೆಗೆ ಗೇರ್‌ಬಾಕ್ಸ್ ಕೂಡಲಿಲ್ಲ. ಕಾರಣ ಕ್ಲಚ್ ಪ್ಲೇಟ್ ನಡುವಿಗೆ ಇರಲಿಲ್ಲ. ನಡು ಹಿಡಿಯಲು ಮರದ ಗೂಟ ಕೆತ್ತಿ ಬಳಸಿದ್ದೆವು, ಅದು ತೂತಿಗಿಂತ ಒಂದು ಮಿಮೀ ಸಣ್ಣದಾಗಿತ್ತು. ಅಷ್ಟು ಸಾಕು ಇನ್‌ಪುಟ್ ಶಾಫ್ಟಿನ ಮೂಗು ಪೈಲಟ್ ಬೇರಿಂಗಿನ ಅಂಚಿಗೆ ಹೊಡೆದು ನಿಲ್ಲಲು.

ಇದಕ್ಕಿಂತ ದೊಡ್ಡ ತಪ್ಪು ಅದರ ಮೇಲಿನದು. 15 ಮಿಮೀ ಸಂದು ಉಳಿದಾಗ, ಬೋಲ್ಟ್ ಬಿಗಿದರೆ ಎಳೆದುಕೊಳ್ಳುತ್ತದೆ ಎಂದು ಎರಡು ಬೋಲ್ಟ್ ಹಾಕಿ ತಿರುಗಿಸಿದೆವು. ಒಂದರ ಆಟೆ (ತಿರುಪಿನ ಗೆರೆ) ಹೌಸಿಂಗಿನಲ್ಲೇ ಕಿತ್ತುಬಂತು. ಹೊಸ ಆಟೆ ಕೊಡುವ ತಂತಿಸುರುಳಿ, ಹೆಲಿಕಾಯಿಲ್, ಹಾಕಿಸಲು 350 ರೂ. ಬೋಲ್ಟ್ ಕೂರುವ ಕಿವಿ ಒಡೆದಿದ್ದರೆ ಹೌಸಿಂಗೇ ಹೋಗುತ್ತಿತ್ತು. ಗೇರ್‌ಬಾಕ್ಸ್ ಕೈ ಒತ್ತಿಗೇ ಕೂಡಬೇಕು. ಕೂಡದಿದ್ದರೆ ಏನೋ ತಪ್ಪಿದೆ ಎಂದೇ ಅರ್ಥ.

ಪರಿಚಯದ ಮೆಕ್ಯಾನಿಕ್ ಹತ್ತಿರ ಅದೇ ಗೇರ್‌ಬಾಕ್ಸಿನ ಹಳೆಯ ಇನ್‌ಪುಟ್ ಶಾಫ್ಟ್ ಇತ್ತು. ಅದನ್ನು ತಂದು, ಪ್ರೆಷರ್ ಪ್ಲೇಟ್ ಸಡಿಲಿಸಿ, ಶಾಫ್ಟನ್ನು ಪೈಲಟ್ ಬೇರಿಂಗ್‌ವರೆಗೆ ತೂರಿಸಿ, ಹಾಗೇ ಬಿಟ್ಟು ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದೆವು. ಎರಡನೇ ಪ್ರಯತ್ನದಲ್ಲಿ ಹೌಸಿಂಗಿನ ಸಂದನ್ನು ನಾಲ್ಕು ಕಡೆ ಅಳೆದಾಗ ಮೇಲೆ 6 ಮಿಮೀ, ಕೆಳಗೆ 11. ಅಂದರೆ ಎರಡೂ ಒಂದೇ ಗೆರೆಯಲ್ಲಿ ಇಲ್ಲ. ಗೇರ್‌ಬಾಕ್ಸಿನ ಬಾಲವನ್ನು ಸರಪಳಿಯ ಒಂದು ಕೊಂಡಿಯಷ್ಟು ಸರಿಪಡಿಸಿ, ಟಾಪ್ ಗೇರಿಗೆ ಹಾಕಿ, ಪ್ರೊಪೆಲ್ಲರ್ ಶಾಫ್ಟಿನ ಕಡೆಯಿಂದ ಕೈಯಲ್ಲಿ ಸ್ವಲ್ಪ ತಿರುಗಿಸಿದಾಗ ಹಲ್ಲಿಗೆ ಹಲ್ಲು ಸಿಕ್ಕಿ ಟಕ್ ಎಂದು ಕೂಡಿತು.

ಹೌಸಿಂಗಿನ ಎಂ10 ಬೋಲ್ಟುಗಳು 8.8 ದರ್ಜೆಯವು, 45 ನ್ಯೂಟನ್ ಮೀಟರಿಗೆ ಬಿಗಿ. ಮೌಂಟಿನ ಎಂ12 ಬೋಲ್ಟುಗಳು 80ಕ್ಕೆ. ಮೌಂಟುಗಳನ್ನು ಎಂಜಿನ್ನಿನ ಪೂರ್ತಿ ಭಾರ ರಬ್ಬರಿನ ಮೇಲೆ ಬಿದ್ದ ಮೇಲೆಯೇ ಬಿಗಿಯಬೇಕು. ಇಲ್ಲದಿದ್ದರೆ ರಬ್ಬರ್ ತಿರುಚಿಕೊಂಡು ನಿಂತು ಕ್ಯಾಬಿನ್ ನಡುಗುತ್ತದೆ.

ರೇಡಿಯೇಟರ್ ಕೂರಿಸಿ, ಹೋಸ್ ಹಾಕಿ, ಬೆಲ್ಟ್ ಹಾಕಲು ಹೋದಾಗ ಪುಲ್ಲಿಯ ವಿಷಯ ಗೊತ್ತಾಯಿತು. ರೇಡಿಯೇಟರ್ ಮತ್ತೆ ಹೊರಗೆ, ಹಳೆಯ ಎಂಜಿನ್ನಿನ ಎರಡು ಬೆಲ್ಟಿನ ಪುಲ್ಲಿ ಬಿಚ್ಚಿ ಇದಕ್ಕೆ ಹಾಕಿದ್ದಾಯಿತು. ಎರಡೂವರೆ ತಾಸು ಹೋಯಿತು. ನೆಲದ ಮೇಲಿದ್ದಾಗ ಇದು ಹದಿನೈದು ನಿಮಿಷದ ಕೆಲಸ.

ಜನವರಿ 26, ಭಾನುವಾರ: ಚಾಲೂ ಮಾಡುವುದು

15ಡಬ್ಲ್ಯೂ-40 ಆಯಿಲನ್ನು ಮೊದಲು 6 ಲೀಟರ್ ಹಾಕಿ, ಆಮೇಲೆ ಡಿಪ್‌ಸ್ಟಿಕ್ ನೋಡುತ್ತ ಮೇಲಿನ ಗೆರೆಗೆ ತಂದೆವು. ಸ್ಟಾಪ್ ಕೇಬಲ್ ಎಳೆದಿಟ್ಟು, 10 ಸೆಕೆಂಡ್ ಸೆಲ್ಫ್, ಒಂದು ನಿಮಿಷ ವಿರಾಮ. ಆಯಿಲ್ ದೀಪ ಆರುವವರೆಗೆ ಡೀಸೆಲ್ ಬಿಡಬಾರದು.

ಸೆಲ್ಫ್ ಮುದುಕನಂತೆ ತಿರುಗಿತು. ಎರಡನೇ ಸಲಕ್ಕೆ ಡ್ಯಾಶ್‌ಬೋರ್ಡಿನ ಕೆಳಗಿನಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ, ನೋಡಿದರೆ ಎಕ್ಸಲರೇಟರ್ ಕೇಬಲಿನಿಂದ ಹೊಗೆ. ಎಂಜಿನ್‌ನಿಂದ ಚಾಸಿಗೆ ಹೋಗುವ ಅರ್ಥಿಂಗ್ ಪಟ್ಟಿ ಹಾಕುವುದು ಮರೆತಿತ್ತು. ಎಂಜಿನ್ ಕೂತಿರುವುದು ರಬ್ಬರಿನ ಮೇಲೆ. ಸೆಲ್ಫಿನ ನೂರಾರು ಆಂಪಿಯರ್ ಕರೆಂಟು ಹಿಂತಿರುಗಲು ಬೇರೆ ದಾರಿ ಇಲ್ಲದೆ ಆ ತೆಳ್ಳನೆ ಕೇಬಲಿನ ತಂತಿಯೊಳಗಿಂದ ಹೋಗಿದೆ. ಹೊಸ ಪಟ್ಟಿ 220, ಕೇಬಲ್ 380 ರೂ. ಪಟ್ಟಿ ಹಾಕುವ ಜಾಗದ ಬಣ್ಣ ಕೆರೆದು ಲೋಹ ಹೊಳೆಯುವಂತೆ ಮಾಡಬೇಕು. ಪಟ್ಟಿ ಹಾಕಿದ ಮೇಲೆ ಸೆಲ್ಫ್ ಸರಿಯಾಗಿ ತಿರುಗಿತು, ಮೂರನೇ ಸಲಕ್ಕೆ ದೀಪ ಆರಿತು.

ಗಾಳಿ ತೆಗೆಯುವ ಕ್ರಮ: ಹ್ಯಾಂಡ್ ಪ್ರೈಮರ್ ಒತ್ತುತ್ತ ಮೊದಲು ಫಿಲ್ಟರಿನ ಸ್ಕ್ರೂ, ನಂತರ ಪಂಪಿನ ಸ್ಕ್ರೂ, ಕೊನೆಗೆ ಇಂಜೆಕ್ಟರ್ ಕಡೆಯ ನಟ್ಟುಗಳನ್ನು ಸಡಿಲಿಸಿ ಸೆಲ್ಫ್ ಹೊಡೆಯುವುದು. ಎಂಜಿನ್ ಹಿಡಿಯಿತು, 40 ಸೆಕೆಂಡಿಗೆ ನಿಂತಿತು. ಮತ್ತೆ ಗಾಳಿ ತೆಗೆದೆವು, ಮತ್ತೆ 40 ಸೆಕೆಂಡ್. ಮೂರು ಸಲ ಹೀಗಾದ ಮೇಲೆ ಫಿಲ್ಟರ್ ಮತ್ತು ಪಂಪಿನ ನಡುವೆ ಒಂದು ಅಡಿ ಪಾರದರ್ಶಕ ಪೈಪ್ ಹಾಕಿ ನೋಡಿದಾಗ ಸಾಬೂನು ನೊರೆಯಂತೆ ಗುಳ್ಳೆಗಳು ಹರಿಯುತ್ತಿದ್ದವು. ಹೊರಗೆ ಎಲ್ಲೂ ಒಂದು ಹನಿ ಡೀಸೆಲ್ ಇಲ್ಲ. ಫೀಡ್ ಪಂಪ್ ಎಳೆಯುವ ಕಡೆ ಸಂದಿದ್ದರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಆದ್ದರಿಂದ ಕಣ್ಣಿಗೆ ಕಾಣುವುದಿಲ್ಲ. ಟ್ಯಾಂಕಿನಿಂದ ಬರುವ ಪೈಪಿನ ಬ್ಯಾಂಜೊ ಬೋಲ್ಟಿಗೆ (ಡೀಸೆಲ್ ಹಾಯುವ ತೂತಿರುವ ಬೋಲ್ಟ್) ಹಳೆಯ ತಾಮ್ರದ ವಾಷರನ್ನೇ ಹಾಕಿದ್ದು ಕಾರಣ. ಇಂಜೆಕ್ಟರ್ ಅಡಿಯವೂ ಸೇರಿ ತಾಮ್ರದ ವಾಷರುಗಳ ಸೆಟ್ 120 ರೂ. ಒಮ್ಮೆ ಒತ್ತಿದ ವಾಷರ್ ಮತ್ತೆ ಹಾಕಲೇಬಾರದು.

ಈ ಸಲ ಎಂಜಿನ್ ನಿಲ್ಲಲಿಲ್ಲ. 20 ನಿಮಿಷ ಐಡಲ್, ರೇಡಿಯೇಟರ್ ಮುಚ್ಚಳ ತೆಗೆದಿಟ್ಟು, ಮೇಲಿನ ಹೋಸನ್ನು ಹಿಂಡುತ್ತ ನೀರಿನ ಗಾಳಿ ತೆಗೆದೆವು. ಥರ್ಮೋಸ್ಟ್ಯಾಟ್ ತೆರೆದಾಗ ನೀರಿನ ಮಟ್ಟ ಒಮ್ಮೆಲೆ ಒಂದು ಗೇಣು ಇಳಿಯುತ್ತದೆ, ಆಗ ತುಂಬಬೇಕು. ಗಾಡಿ ಹೊರಗೆ ತೆಗೆಯುವ ಮೊದಲು ನಿಂತಲ್ಲೇ ಬ್ರೇಕ್ ಒತ್ತಿ ನೋಡಬೇಕು. ಪೆಡಲ್ ಕಲ್ಲಿನಂತೆ ಗಟ್ಟಿ ಇದ್ದರೆ ವ್ಯಾಕ್ಯೂಮ್ ಪೈಪ್ ಕೂತಿಲ್ಲ ಎಂದು ಅರ್ಥ. ನಮ್ಮದು ಮೆತ್ತಗೆ ಇಳಿಯಿತು.

ಖರ್ಚು

ಎಂಜಿನ್ ಮತ್ತು ಸಾಗಣೆ 63,800. ಕ್ಲಚ್ 6,900. ಇಂಜೆಕ್ಟರ್ 3,400. ಆಯಿಲ್ 10 ಲೀಟರ್ 3,600. ಆಯಿಲ್, ಡೀಸೆಲ್ ಫಿಲ್ಟರುಗಳು 1,150. ಕೂಲೆಂಟ್ 1,250. ಹೋಸ್, ಕ್ಲಿಪ್, ಬೆಲ್ಟ್ 1,700. ಘೋಡಿ, ಚೈನ್ ಕುಪ್ಪಿ ಎರಡು ದಿನ 700. ಮೇಲೆ ಬರೆದ ಸಣ್ಣಪುಟ್ಟವೆಲ್ಲ ಸೇರಿ ಒಟ್ಟು 91,290 ರೂ. ಅದರಲ್ಲಿ ನೇರ ತಪ್ಪಿನಿಂದ ಹೋದದ್ದು ಹೆಲಿಕಾಯಿಲ್, ಕೇಬಲ್ ಸೇರಿ 730. ಹೋದ ಸಮಯ ಮಾತ್ರ ಒಂದೂವರೆ ದಿನ.

ಫೆಬ್ರವರಿ 3 ಮತ್ತು 6

ಎಂಜಿನ್ ಬದಲಿಸಿದ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ಹೊಸ ನಂಬರ್ ಏರಿಸಬೇಕು, ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇದನ್ನು ಹೇಳುತ್ತದೆ. ಎಂಎಚ್ 14 ಗಾಡಿ ಆದ್ದರಿಂದ ಪಿಂಪ್ರಿ ಚಿಂಚವಾಡ ಕಚೇರಿಗೆ 3ನೇ ತಾರೀಖು ಬಿಲ್ಲು, ಎಂಜಿನ್ ಬಂದ ಗಾಡಿಯ ಆರ್‌ಸಿ ಪ್ರತಿ, ಎಂಜಿನ್ ನಂಬರಿನ ಪೆನ್ಸಿಲ್ ಅಚ್ಚು ಕೊಟ್ಟಿದೆ. ಈ ಕೆಲಸ ಮುಗಿಯುವವರೆಗೆ ಹಳೆಯ ಎಂಜಿನ್ನನ್ನು ಗುಜರಿಗೆ ಹಾಕಬಾರದು, ನಂಬರ್ ತೋರಿಸಿ ಎಂದು ಕೇಳಿದರೆ ತೋರಿಸಬೇಕಾಗುತ್ತದೆ. ವಿಮೆಯವರಿಗೂ ತಿಳಿಸಬೇಕು.

6ನೇ ತಾರೀಖಿಗೆ 500 ಕಿಮೀ ಆಯಿತು. ಚಾಕಣಕ್ಕೆ ಎರಡು ಟನ್ ಮಾಲು ಹಾಕಿ ಓಡಿಸಿದಾಗ ಟೆಂಪರೇಚರ್ ಮುಳ್ಳು ನಡುವಿನಿಂದ ಮೇಲೇರಲಿಲ್ಲ, ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಇಳಿದದ್ದು ಕಾಣಲಿಲ್ಲ. ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಮೌಂಟ್, ಹೌಸಿಂಗ್, ಮ್ಯಾನಿಫೋಲ್ಡ್ ಬೋಲ್ಟುಗಳನ್ನೆಲ್ಲ ಮತ್ತೊಮ್ಮೆ ಬಿಗಿದು ನೋಡಿದಾಗ ಮ್ಯಾನಿಫೋಲ್ಡಿನ ಎರಡು ನಟ್ಟು ಕಾಲು ಸುತ್ತು ತಿರುಗಿದವು. ಪವರ್ ಸ್ಟೀರಿಂಗ್ ಪಂಪಿನ ಪೈಪಿನ ಬುಡದಲ್ಲಿ ಇನ್ನೂ ಸ್ವಲ್ಪ ಒದ್ದೆ ಇತ್ತು. ಅಲ್ಲಿಯೂ ಹಳೆಯ ವಾಷರೇ ಉಳಿದಿತ್ತು. 13ನೇ ತಾರೀಖು, ಗುರುವಾರ, ಅದನ್ನು ಬದಲಿಸುವುದಿತ್ತು.